ಹಲ್ಲನ್ನು ಉಳಿಸುವ ವಿದ್ಯೆ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ದಂತವೈದ್ಯದ ವಿಷಯವಾಗಿ ಬರೆಯಹೊರಟರೆ ನಮ್ಮ ಅಧ್ಯಾಪಕರು ಹುಬ್ಬೇರಿಸುವುದು ಸಹಜ. ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವವನಿಗೆ ಹಲ್ಲಿನ ಬೇರಿನಲ್ಲಿ ಏನು ಕೆಲಸವೆಂದು ಅವರು ಕೇಳಬಹುದು. ಈ ವಿಷಯದಲ್ಲಿ ನನಗಿರುವ ಅಧಿಕಾರ ಒಂದೇ ಒಂದು: ನನ್ನ ಕೆಳದವಡೆಯ ಬಲಗಡೆಯಲ್ಲಿ ಒಂದು ಹಲ್ಲಿನ ಜಾಗ ಖಾಲಿಯಾಗಿದೆ. ಹದಿನೈದನೆಯ ವಯಸ್ಸಿನಲ್ಲಿ ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಹೋಗಿ ಅದನ್ನು ಕೀಳಿಸಿದರು. ಕಿತ್ತವರು ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಹಲ್ಲನ್ನು ಉಳಿಸಬಹುದಿತ್ತು ಎಂಬ ಮಾತನ್ನು ಅಂದು ಯಾರೂ ಆಡಲಿಲ್ಲ, ನಾವೂ ಕೇಳಲಿಲ್ಲ. ಅಂದಿನಿಂದ ಚಕ್ಕುಲಿಯನ್ನು ಎಡಗಡೆಯಲ್ಲೇ ಅಗಿಯುತ್ತಿದ್ದೇನೆ.

ಕಳೆದ ವರ್ಷ ಅಮ್ಮನಿಗೆ ಅದೇ ಬಗೆಯ ನೋವು ಬಂತು. ಈ ಸಲ ನಾವು ನಮ್ಮ ಊರಿನ ದಂತವೈದ್ಯ ಕಾಲೇಜೊಂದರ ಚಿಕಿತ್ಸಾಲಯಕ್ಕೆ ಹೋದೆವು. ಅಲ್ಲಿ ಬೆಲೆ ಕಡಿಮೆ ಎಂಬುದೇ ಮುಖ್ಯ ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಅಮ್ಮನ ಹಲ್ಲಿಗಾಗಿ ನಾಲ್ಕು ಸಲ ಹೋಗಿಬಂದೆವು. ಕಾಯುತ್ತ ಕುಳಿತ ಹೊತ್ತಿನಲ್ಲಿ ಕೇಳಿ ತಿಳಿದುದನ್ನೂ, ಆಮೇಲೆ ಪುಸ್ತಕಗಳಲ್ಲಿ ಓದಿ ತಿದ್ದಿಕೊಂಡುದನ್ನೂ ಸೇರಿಸಿ ಈ ಲೇಖನವನ್ನು ಬರೆದಿದ್ದೇನೆ.

ಹಲ್ಲೆಂದರೆ ಬಿಳಿಯ ಕಲ್ಲಿನ ತುಂಡು ಎಂಬುದು ನಮ್ಮ ಸಾಮಾನ್ಯ ಭಾವನೆ. ಹೊರಗಿನ ಎನಾಮೆಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು ಎಂಬುದು ನಿಜ. ಅದರೊಳಗೆ ಡೆಂಟೀನ್ ಎಂಬ ಇನ್ನೊಂದು ಪದರವಿದೆ. ಅದಕ್ಕೂ ಒಳಗೆ, ತೆಂಗಿನಕಾಯಿಯೊಳಗೆ ಎಳೆಯ ತಿರುಳಿದ್ದಂತೆ, ರಕ್ತನಾಳಗಳೂ ನರಗಳೂ ತುಂಬಿದ ಮೃದುವಾದ ದಂತಮಜ್ಜೆಯಿದೆ. ಈ ಮಜ್ಜೆ ಹಲ್ಲಿನ ತಲೆಯಿಂದ ಬೇರುಗಳೊಳಕ್ಕೆ ಇಳಿದು, ಬೇರಿನ ತುದಿಯ ಸಣ್ಣ ರಂಧ್ರದಿಂದ ದವಡೆಯ ರಕ್ತಪ್ರವಾಹವನ್ನು ಸೇರುತ್ತದೆ. ಬೇರಿನೊಳಗಿನ ಆ ದಾರಿಯೇ ಬೇರುನಾಳ. ಹುಳುಕು ಒಳಗಿಳಿದು ಮಜ್ಜೆಯನ್ನು ಮುಟ್ಟಿದಾಗ ಅದು ಬಾವುಗಟ್ಟುತ್ತದೆ. ಬೇರೆ ಅಂಗವಾದರೆ ಊದಿಕೊಳ್ಳಲು ಅವಕಾಶವಿರುತ್ತದೆ. ಇಲ್ಲಿ ಸುತ್ತಲೂ ಗಟ್ಟಿ ಗೋಡೆ. ಒತ್ತಡವೆಲ್ಲ ನರದ ಮೇಲೆಯೇ ಬೀಳುತ್ತದೆ. ರಾತ್ರಿ ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚುವುದರಿಂದ ನೋವು ಇಮ್ಮಡಿಸುತ್ತದೆ. ಹಲ್ಲುನೋವಿಗೂ ನಡುರಾತ್ರಿಗೂ ಇರುವ ಸ್ನೇಹದ ಗುಟ್ಟು ಇಷ್ಟೇ.

ನಮ್ಮ ಅಜ್ಜಿಯ ಕಾಲದಲ್ಲಿ ಹುಳುಕೆಂದರೆ ನಿಜವಾದ ಹುಳುವೇ. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಆ ಹೊಗೆಯನ್ನು ಬಾಯಿಗೆ ಹಿಡಿಸಿ ಹುಳು ಬೀಳಿಸುತ್ತಿದ್ದರೆಂದು ಅವರು ಹೇಳುತ್ತಿದ್ದರು. ಹಲ್ಲಿನಲ್ಲಿ ಹುಳುವಿಲ್ಲವೆಂದು ಬರೆದವರಲ್ಲಿ ಫ್ರಾನ್ಸಿನ ಪಿಯೇರ್ ಫೋಶಾರ್ ಪ್ರಸಿದ್ಧ. ದಂತವೈದ್ಯವನ್ನು ಶಾಸ್ತ್ರವಾಗಿ ನಿಲ್ಲಿಸಿದ ಅವನ ಗ್ರಂಥ ಪ್ರಕಟವಾದದ್ದು 1728ರಲ್ಲಿ. ಅಲ್ಲಿಂದ ಮುಂದೆ ಈ ವಿದ್ಯೆ ಬೆಳೆದುಬಂದ ರೀತಿ ವಿನೋದಕರವಾಗಿದೆ. ಬೇರುನಾಳದೊಳಕ್ಕೆ ಇಳಿಸುವ ಮೊದಲ ಸಲಕರಣೆಯನ್ನು 1838ರಲ್ಲಿ ಅಮೆರಿಕದ ಎಡ್ವರ್ಡ್ ಮೇನಾರ್ಡ್ ಗಡಿಯಾರದ ಸ್ಪ್ರಿಂಗಿನಿಂದ ತಯಾರಿಸಿದನೆಂದು ಹೇಳುತ್ತಾರೆ. ಶುದ್ಧಮಾಡಿದ ನಾಳವನ್ನು ತುಂಬಲು ಇಂದಿಗೂ ಬಳಸುವ ಗಟ್ಟಾಪರ್ಚಾ ಮಲಯ ದೇಶದ ಮರವೊಂದರ ಹಾಲು. ಸಮುದ್ರದಡಿಯ ತಂತಿಗಳಿಗೆ ಹೊದಿಕೆಯಾಗಿದ್ದ ಆ ವಸ್ತು 1867ರ ಹೊತ್ತಿಗೆ ಹಲ್ಲಿನ ಬೇರನ್ನು ಹೊಕ್ಕಿತು. ಅದೇ ಕುಲದ ಮರಗಳು ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿಯೂ ಇವೆ ಎಂದು ಓದಿ ನನಗೆ ಅಕಾರಣವಾಗಿ ಸಂತೋಷವಾಯಿತು.

ರಾಂಟ್‌ಗೆನ್ ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. ನಾಲ್ಕೇ ವರ್ಷಗಳಲ್ಲಿ ಅಮೆರಿಕದ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯನು ನಾಳದೊಳಗೆ ಸೀಸದ ತಂತಿಯನ್ನಿಟ್ಟು, ಅದು ಬೇರಿನಲ್ಲಿ ಎಲ್ಲಿಯವರೆಗೆ ಮುಟ್ಟಿದೆ ಎಂಬುದನ್ನು ಚಿತ್ರದಲ್ಲಿ ನೋಡಿದನು. ಕಾಣದಿದ್ದುದು ಮೊದಲ ಬಾರಿಗೆ ಕಂಡಿತು. ಅದಕ್ಕೆ ಅವನು ತೆತ್ತ ಬೆಲೆ ದೊಡ್ಡದು. ಆ ಕಿರಣಗಳೇ ಅವನ ಬೆರಳುಗಳನ್ನೂ ಕೊನೆಗೆ ತೋಳನ್ನೂ ತಿಂದುಹಾಕಿದವು.

ಇಷ್ಟಾದರೂ ಹಲ್ಲನ್ನು ಉಳಿಸುವ ಪಕ್ಷ ಸುಲಭವಾಗಿ ಗೆಲ್ಲಲಿಲ್ಲ. 1910ರಲ್ಲಿ ವಿಲಿಯಂ ಹಂಟರ್ ಎಂಬ ಇಂಗ್ಲೆಂಡಿನ ವೈದ್ಯರು ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ, ಬಾಯಿಯೊಳಗಿನ ಕೀವೇ ದೇಹದ ಅನೇಕ ರೋಗಗಳಿಗೆ ಮೂಲವೆಂದು ದಂತವೈದ್ಯರನ್ನು ತರಾಟೆಗೆ ತೆಗೆದುಕೊಂಡರು. ಸಂಧಿವಾತಕ್ಕೂ ಹಲ್ಲು ಕೀಳು, ಹೊಟ್ಟೆನೋವಿಗೂ ಹಲ್ಲು ಕೀಳು ಎಂಬ ಪದ್ಧತಿ ಹುಟ್ಟಿ ಹಲವು ದಶಕಗಳವರೆಗೆ ನಡೆಯಿತು. ಎಷ್ಟು ಒಳ್ಳೆಯ ಹಲ್ಲುಗಳು ಹಾಗೆ ಹೋದವೋ! ಬೇರುನಾಳದ ತಜ್ಞರು ತಮ್ಮದೇ ಸಂಘವನ್ನು ಅಮೆರಿಕದಲ್ಲಿ ಕಟ್ಟಿಕೊಂಡದ್ದು 1943ರಲ್ಲಿ. ಅಲ್ಲಿ ಅದು ಪ್ರತ್ಯೇಕ ವಿಶೇಷ ಶಾಸ್ತ್ರವೆಂದು ಮಾನ್ಯವಾದದ್ದು 1963ರಲ್ಲಿ. 1965ರಲ್ಲಿ ಕಕೆಹಾಶಿ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಒಂದು ಸರಳವಾದ ಪ್ರಯೋಗವನ್ನು ಪ್ರಕಟಿಸಿದರು. ಕ್ರಿಮಿಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲನ್ನೂ ಸಾಮಾನ್ಯ ಇಲಿಗಳ ಹಲ್ಲನ್ನೂ ಒಂದೇ ರೀತಿ ಕೊರೆದು ಮಜ್ಜೆಯನ್ನು ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ಮಜ್ಜೆ ಕೊಳೆತು ಬೇರಿನ ತುದಿಯಲ್ಲಿ ಕೀವುಗಟ್ಟಿತು. ಕ್ರಿಮಿರಹಿತ ಇಲಿಗಳಲ್ಲಿ ಅನ್ನದ ಚೂರುಗಳು ಸಿಕ್ಕಿಕೊಂಡರೂ ಮಜ್ಜೆ ಬದುಕಿ, ಗಾಯದ ಮೇಲೆ ಹೊಸ ಡೆಂಟೀನ್ ಸೇತುವೆ ಕಟ್ಟಿತು. ಶತ್ರು ಯಾರೆಂಬುದು ನಿಶ್ಚಯವಾಯಿತು. ಕ್ರಿಮಿಗಳನ್ನು ಹೊರಗೆ ಹಾಕಿ, ಮತ್ತೆ ಒಳಗೆ ಬಾರದಂತೆ ಮುಚ್ಚಿದರೆ, ಮಜ್ಜೆ ಸತ್ತ ಹಲ್ಲೂ ದವಡೆಯಲ್ಲಿ ಬಹುಕಾಲ ಬಾಳಬಲ್ಲದು. ಬೇರುನಾಳ ಚಿಕಿತ್ಸೆಯ ತತ್ತ್ವ ಇಷ್ಟೆ.

ಅದೇ 1965ರಲ್ಲಿ ನಮ್ಮ ಕರಾವಳಿಯ ಮೊದಲ ದಂತವೈದ್ಯ ಕಾಲೇಜು ಮಣಿಪಾಲದಲ್ಲಿ ಪ್ರಾರಂಭವಾಯಿತು. ನಮ್ಮ ದೇಶದಲ್ಲಿ ಈ ಶಿಕ್ಷಣಕ್ಕೆ ತಳಹದಿ ಹಾಕಿದವರು ಕಲ್ಕತ್ತದ ಡಾ. ರಫಿಯುದ್ದೀನ್ ಅಹಮದ್. ಅವರ ಕಾಲೇಜು 1920ರಲ್ಲಿ ಹುಟ್ಟಿತು. ದಂತವೈದ್ಯರ ಕಾನೂನು ಬಂದದ್ದು 1948ರಲ್ಲಿ; ಬೆಂಗಳೂರಿನ ಸರಕಾರಿ ದಂತವೈದ್ಯ ಕಾಲೇಜು 1958ರದು. ಮಂಗಳೂರಿನಲ್ಲಿ ಇವೆಲ್ಲ ಬಹಳ ತಡವಾಗಿ ಬಂದರೂ ಒಂದರ ಹಿಂದೆ ಒಂದು ಬಂದವು. ದೇರಳಕಟ್ಟೆಯ ಎ. ಬಿ. ಶೆಟ್ಟಿ ಸ್ಮಾರಕ ದಂತವೈದ್ಯ ಸಂಸ್ಥೆ 1985ರಲ್ಲಿ, ನಗರದ ಮಣಿಪಾಲ ದಂತವೈದ್ಯ ಕಾಲೇಜು 1987ರಲ್ಲಿ, ಯೇನಪೋಯ 1992ರಲ್ಲಿ, ಕುಂಟಿಕಾನದ ಎ. ಜೆ. ಸಂಸ್ಥೆ 2002ರಲ್ಲಿ; ಮುಕ್ಕದಲ್ಲಿ ಶ್ರೀನಿವಾಸ ಸಂಸ್ಥೆಯದು ಇನ್ನೊಂದು. ಒಂದು ಮಧ್ಯಮ ಗಾತ್ರದ ಊರಿಗೆ ಇದು ಸಣ್ಣ ಲೆಕ್ಕವಲ್ಲ. ಎಲ್ಲವೂ ಖಾಸಗಿಯವು, ಸರಕಾರದ ಕಾಲೇಜಿನಲ್ಲಿ ಕುಳಿತು ಬರೆಯುವ ನನಗೆ ಆ ಮಾತನ್ನು ಬಿಟ್ಟು ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಅಲ್ಲಿ ಕಲಿಯಲು ನಮ್ಮಂಥವರ ಮನೆಯವರಿಗೆ ಕಷ್ಟ; ಅಲ್ಲಿ ಚಿಕಿತ್ಸೆ ಪಡೆಯಲು ಮಾತ್ರ ನಮ್ಮಂಥವರೇ ಹೆಚ್ಚಾಗಿ ಹೋಗುತ್ತೇವೆ. ಅದರ ಮಾತು ಮುಂದೆ ಬರುತ್ತದೆ.

ಹಲ್ಲನ್ನು ಕೀಳಲು ಕಲಿಸುವುದಕ್ಕಿಂತ ಉಳಿಸಲು ಕಲಿಸುವುದು ಏಕೆ ಕಷ್ಟ? ಕೀಳುವಾಗ ಹಲ್ಲು ಕಣ್ಣೆದುರಿಗಿರುತ್ತದೆ. ಬೇರುನಾಳವನ್ನು ಯಾರೂ ನೇರವಾಗಿ ಕಾಣರು. ಅದು ಕೂದಲೆಳೆಯಷ್ಟು ಸಣ್ಣದಿರಬಹುದು, ಬಾಗಿರಬಹುದು, ನಡುವೆ ಎರಡಾಗಿ ಮತ್ತೆ ಒಂದಾಗಿರಬಹುದು. ಕೆಳದವಡೆಯ ಎರಡನೆಯ ದೊಡ್ಡ ಹಲ್ಲಿನಲ್ಲಿ ನಾಳಗಳು ಕೂಡಿಕೊಂಡು ಇಂಗ್ಲಿಷಿನ ಸಿ ಅಕ್ಷರದ ಆಕಾರ ತಾಳುವುದುಂಟು. ಏಷ್ಯದವರಲ್ಲಿ ಇದು ಹೆಚ್ಚು. ಆದುದರಿಂದ ಈ ಶಿಕ್ಷಣದ ಕ್ರಮವೆಲ್ಲ ಒಂದೇ ಉದ್ದೇಶದಿಂದ ಹುಟ್ಟಿದೆ: ಕಾಣದ್ದನ್ನು ಮೊದಲು ಕಾಣಿಸಬೇಕು, ಆಮೇಲೆ ಕಾಣದೆಯೇ ಕೆಲಸ ಮಾಡುವಂತೆ ಕೈಯನ್ನು ತಿದ್ದಬೇಕು.

ಬಿ.ಡಿ.ಎಸ್. ಪದವಿ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷದಲ್ಲಿ ವಿದ್ಯಾರ್ಥಿಗಳು ಮೇಣದ ತುಂಡಿನಲ್ಲಿ ಒಂದೊಂದು ಹಲ್ಲನ್ನೂ ಕೆತ್ತಬೇಕು. ನಮ್ಮ ನೆರೆಮನೆಯ ಹುಡುಗಿಯೊಬ್ಬಳು ರಾತ್ರಿ ಹನ್ನೊಂದರವರೆಗೆ ಹೊಸಿಲ ಮೇಲೆ ಕುಳಿತು ಮೇಣ ಕೆರೆಯುತ್ತಿದ್ದುದನ್ನು ಕಂಡು, ಇವಳು ವೈದ್ಯಳಾಗುವಳೋ ಶಿಲ್ಪಿಯಾಗುವಳೋ ಎಂದು ನಾವು ನಗುತ್ತಿದ್ದೆವು. ಎರಡನೆಯ ವರ್ಷದಲ್ಲಿ ಗೊಂಬೆತಲೆಯ ಬಾಯಿಯಲ್ಲಿ ಕೃತಕ ಹಲ್ಲನ್ನು ಕೊರೆದು ತುಂಬುವ ಅಭ್ಯಾಸ. ಆ ತಲೆ ಅಳುವುದಿಲ್ಲ, ಉಗುಳು ನುಂಗುವುದಿಲ್ಲ, ನಾಲಗೆಯನ್ನು ಅಡ್ಡ ತರುವುದಿಲ್ಲ. ಮೂರು ಮತ್ತು ನಾಲ್ಕನೆಯ ವರ್ಷಗಳಲ್ಲಿ ಇದನ್ನೆಲ್ಲ ಮಾಡುವ ಜೀವಂತ ಮನುಷ್ಯರ ಬಾಯಿ ಎದುರಾಗುತ್ತದೆ.

ಇದರ ಮೇಲೆ ವಿಶೇಷ ಪರಿಣತಿ ಬೇಕೆಂದವರು ನೀಟ್ ಪರೀಕ್ಷೆ ಬರೆದು ಎಂ.ಡಿ.ಎಸ್. ಸೇರಬೇಕು. ಅದರಲ್ಲಿ ಒಂಬತ್ತು ವಿಭಾಗಗಳಿವೆ. ನಮ್ಮ ವಿಷಯಕ್ಕೆ ಸೇರಿದ್ದು ಕನ್ಸರ್ವೇಟಿವ್ ಡೆಂಟಿಸ್ಟ್ರಿ ಮತ್ತು ಎಂಡೊಡಾಂಟಿಕ್ಸ್; ಗ್ರೀಕಿನ ಈ ಎರಡನೆಯ ಹೆಸರಿನ ಅರ್ಥ ಹಲ್ಲಿನ ಒಳಗು ಎಂದು. ಅವಧಿ ಮೂರು ವರ್ಷ. ಮೊದಲ ವರ್ಷದ ಕೊನೆಯಲ್ಲಿ ಮೂಲವಿಜ್ಞಾನಗಳ ಪರೀಕ್ಷೆ, ಮೂರನೆಯ ವರ್ಷದ ಕೊನೆಯಲ್ಲಿ ಮುಖ್ಯ ಪರೀಕ್ಷೆ, ನಡುವೆ ಒಂದು ಪ್ರಬಂಧ. ಪರೀಕ್ಷೆಯ ಮಾತು ನಮಗೆ ಹೊಸದಲ್ಲ. ಹೊಸದೆಂದರೆ ಮೊದಲ ತಿಂಗಳುಗಳ ಕೆಲಸ. ಕಿತ್ತುಹಾಕಿದ ಹಲ್ಲುಗಳನ್ನು ಕ್ರಿಮಿಶುದ್ಧಿ ಮಾಡಿ ಇಟ್ಟುಕೊಂಡು, ಅವುಗಳನ್ನು ಉದ್ದಕ್ಕೂ ಅಡ್ಡಕ್ಕೂ ಸೀಳಿ ನೋಡುತ್ತಾರೆ. ನಾಳದೊಳಗೆ ಮಸಿಯನ್ನು ಹೋಗಿಸಿ, ಹಲ್ಲನ್ನು ಆಮ್ಲದಲ್ಲಿ ಮೆತ್ತಗಾಗಿಸಿ, ಮದ್ಯಸಾರದಲ್ಲಿ ಒಣಗಿಸಿ, ಕೊನೆಗೆ ಮೀಥೈಲ್ ಸ್ಯಾಲಿಸಿಲೇಟಿನಲ್ಲಿ ಮುಳುಗಿಸುತ್ತಾರೆ. ನಮ್ಮ ಸೊಂಟನೋವಿನ ಮುಲಾಮಿಗೆ ಆ ವಾಸನೆ ಕೊಡುವ ದ್ರವವೇ ಅದು. ಸ್ವಲ್ಪ ಹೊತ್ತಿನಲ್ಲಿ ಹಲ್ಲು ಗಾಜಿನಂತೆ ಪಾರದರ್ಶಕವಾಗುತ್ತದೆ. ಒಳಗೆ ಕಪ್ಪು ಹೊಳೆಯೊಂದು ಕವಲೊಡೆದು ಹರಿದಂತೆ ನಾಳಗಳು ಕಾಣಿಸುತ್ತವೆ. ಅಂಥದೊಂದನ್ನು ನನಗೆ ಶೀಶೆಯಲ್ಲಿ ತೋರಿಸಿದರು. ನೇತ್ರಾವತಿಯೂ ಗುರುಪುರ ನದಿಯೂ ಅಳಿವೆಯಲ್ಲಿ ಕೂಡುವ ಭೂಪಟವನ್ನು ನೋಡಿದ ಹಾಗಾಯಿತು.

ಆಮೇಲೆ ಫೈಲುಗಳ ಪರಿಚಯ. ಇವು ಸೂಜಿಯಂಥ ಸಣ್ಣ ಅರಗಳು. ಹತ್ತನೆಯ ನಂಬರಿನ ಫೈಲೆಂದರೆ ತುದಿಯಲ್ಲಿ 0.10 ಮಿಲಿಮೀಟರ್ ದಪ್ಪ, ಹಿಡಿ ನೇರಳೆ ಬಣ್ಣ. ಹದಿನೈದು ಬಿಳಿ, ಇಪ್ಪತ್ತು ಹಳದಿ, ಇಪ್ಪತ್ತೈದು ಕೆಂಪು. ಲೋಕದ ಯಾವ ದೇಶದಲ್ಲಿ ಕೊಂಡರೂ ಅಳತೆ ಒಂದೇ ಆಗಿರಬೇಕೆಂಬ ವಿಚಾರವನ್ನು 1950ರ ದಶಕದ ಕೊನೆಯಲ್ಲಿ ಜಾನ್ ಇಂಗಲ್ ಮುಂದಿಟ್ಟರು. ಬೇರಿನ ತುದಿಗಿಂತ ಅರ್ಧದಿಂದ ಒಂದು ಮಿಲಿಮೀಟರ್ ಹಿಂದೆ ಫೈಲು ನಿಲ್ಲಬೇಕು. ದಾಟಿದರೆ ದವಡೆಗೆ ಗಾಯ. ಹಿಂದೆ ಬಿದ್ದರೆ ಕ್ರಿಮಿಗೆ ಮನೆ. ಆ ಗೆರೆಯನ್ನು ತಿಳಿಯಲು ಕ್ಷ-ಕಿರಣವಿದೆ. ಜಪಾನಿನ ಸುನಾಡ 1962ರಲ್ಲಿ ತೋರಿಸಿಕೊಟ್ಟ ವಿದ್ಯುತ್ ಮಾಪನದ ಉಪಕರಣವೂ ಇದೆ. ಬಳುಕುವ ನಿಕ್ಕಲ್-ಟೈಟಾನಿಯಂ ಫೈಲುಗಳು 1988ರ ಈಚಿನವು. ಅವನ್ನು ಈಗ ಮೋಟಾರು ತಿರುಗಿಸುತ್ತದೆ. ಆದರೂ ಮೊದಲು ಕೈಯಿಂದಲೇ ಕಲಿಯಬೇಕೆಂದು ಹಿರಿಯ ಅಧ್ಯಾಪಕರು ಹಟ ಹಿಡಿಯುತ್ತಾರಂತೆ. ಎಲ್ಲಿ ನಾಳ ಬಾಗಿದೆ, ಎಲ್ಲಿ ಗೋಡೆ ತಡೆಯುತ್ತದೆ ಎಂಬುದನ್ನು ಬೆರಳ ತುದಿ ಹೇಳಬೇಕು. ಅದನ್ನು ಕೇಳಿಸಿಕೊಳ್ಳದವನು ಒತ್ತಿದರೆ ಫೈಲು ಒಳಗೇ ಮುರಿಯುತ್ತದೆ. ಒಬ್ಬ ವಿದ್ಯಾರ್ಥಿಯ ಮೊದಲ ಮುರಿದ ಫೈಲು ಕಿತ್ತ ಹಲ್ಲಿನಲ್ಲಿಯೇ ಆಗಿಹೋದರೆ ಅದು ಅವನ ರೋಗಿಗಳ ಪುಣ್ಯ.

ಈ ವಿಷಯದ ಹಳೆಯ ಪಠ್ಯಪುಸ್ತಕಗಳಲ್ಲಿ ಪ್ರಖ್ಯಾತವಾದದ್ದು ಅಮೆರಿಕದ ಲೂಯಿ ಗ್ರಾಸ್‌ಮನ್ 1940ರಲ್ಲಿ ಮೊದಲು ಹೊರತಂದ ಗ್ರಂಥ. ಅದರ ಹನ್ನೆರಡನೆಯ ಆವೃತ್ತಿಯನ್ನು 2010ರಲ್ಲಿ ಪರಿಷ್ಕರಿಸಿದ ಇಬ್ಬರೂ ಭಾರತೀಯರು, ಅವರಲ್ಲೊಬ್ಬರಾದ ಡಾ. ಬಿ. ಸುರೇಶ್ ಚಂದ್ರ ನಮ್ಮ ಮಂಗಳೂರಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಫಿಲಡೆಲ್ಫಿಯದ ಪುಸ್ತಕವನ್ನು ತಿದ್ದುವ ಲೇಖನಿ ಇಲ್ಲಿತ್ತೆಂಬ ಸಂಗತಿ ನಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನು ಅಮ್ಮನ ವಿಷಯ. ಅವರ ನೋವಿದ್ದುದು ಮೇಲ್ದವಡೆಯ ಮೊದಲನೆಯ ದೊಡ್ಡ ಹಲ್ಲಿನಲ್ಲಿ. ಆರನೆಯ ವಯಸ್ಸಿಗೆ ಮೂಡುವ ಈ ಹಲ್ಲನ್ನು ಹಾಲುಹಲ್ಲೆಂದು ತಿಳಿದು ಅಲಕ್ಷ್ಯ ಮಾಡುವವರೇ ಹೆಚ್ಚು. ಅಮ್ಮ ಕುರ್ಚಿಯಲ್ಲಿ ಕುಳಿತೊಡನೆ, "ಕಿತ್ತು ಬಿಡಿ ಡಾಕ್ಟ್ರೇ, ಒಂದು ಹಲ್ಲಿಗೆ ಇಷ್ಟೆಲ್ಲ ಯಾಕೆ?" ಎಂದರು. ಎದುರಿಗಿದ್ದವರು ಎಂ.ಡಿ.ಎಸ್. ಎರಡನೆಯ ವರ್ಷದ ವಿದ್ಯಾರ್ಥಿನಿ, ಉತ್ತರ ಭಾರತದ ಕಡೆಯವರು. ಅವರ ಕನ್ನಡ ಅಷ್ಟಕ್ಕಷ್ಟೆ. ಆದರೆ "ಬೇನೆ ಆಪುಂಡಾ ಅಮ್ಮಾ?" ಎಂದು ತುಳುವಿನಲ್ಲಿ ಕೇಳಿಯೇಬಿಟ್ಟರು. ಅಮ್ಮನಿಗೆ ನಗು ಬಂತು; ಕೀಳುವ ಮಾತು ಅಲ್ಲಿಗೆ ನಿಂತಿತು. ಪಕ್ಕದ ಕುರ್ಚಿಯಲ್ಲಿ ಮಂಜೇಶ್ವರದಿಂದ ಬಂದ ಮುದುಕರೊಬ್ಬರನ್ನು ಇನ್ನೊಬ್ಬರು "ವೇದನೆಯುಂಡೋ?" ಎನ್ನುತ್ತಿದ್ದರು, ಅದರಾಚೆ "ದುಕ್ತಾ?" ಎಂಬ ಕೊಂಕಣಿ. ಮಂಗಳೂರಿನಲ್ಲಿ ಕಲಿಯುವ ದಂತವೈದ್ಯರು ಬೇರೇನು ಕಲಿಯದಿದ್ದರೂ ನೋವೆಂಬ ಶಬ್ದವನ್ನು ನಾಲ್ಕೈದು ಭಾಷೆಗಳಲ್ಲಿ ಕಲಿತು ಹೋಗುತ್ತಾರೆ.

ಹಲ್ಲಿಗೆ ರಬ್ಬರಿನ ಹಾಳೆಯೊಂದನ್ನು ಹೊದಿಸಿ, ಆ ಒಂದು ಹಲ್ಲು ಮಾತ್ರ ಹೊರಗೆ ಕಾಣುವಂತೆ ಮಾಡಿದರು. ಉಗುಳಿನ ಕ್ರಿಮಿ ಒಳಗೆ ಹೋಗಬಾರದು, ಫೈಲು ಜಾರಿ ಗಂಟಲಿಗೆ ಬೀಳಬಾರದು. 1864ರಿಂದ ಬಂದಿರುವ ಈ ಉಪಾಯವನ್ನು ಅವಸರದಲ್ಲಿ ಬಿಟ್ಟುಬಿಡುವವರು ಹೊರಗೆ ಬೇಕಾದಷ್ಟು ಮಂದಿ ಇದ್ದಾರೆಂದು ಆ ವಿದ್ಯಾರ್ಥಿನಿಯೇ ಹೇಳಿದರು. ಹಲ್ಲನ್ನು ತೆರೆದು ಮೂರು ನಾಳಗಳನ್ನು ಕಂಡುಹಿಡಿದು, ಅಳತೆ ತೆಗೆದು, ಅಧ್ಯಾಪಕರನ್ನು ಕರೆದರು. ಅಧ್ಯಾಪಕರು ಬಂದರು, ಬಗ್ಗಿ ನೋಡಿದರು, "ನಾಲ್ಕನೆಯದು ಎಲ್ಲಿ?" ಎಂದು ಕೇಳಿ ಹೊರಟುಹೋದರು.

ಮೇಲ್ದವಡೆಯ ಈ ಹಲ್ಲಿಗೆ ಬೇರು ಮೂರೇ. ಆದರೆ ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಎಷ್ಟೋ ಸಲ ಎರಡು ನಾಳಗಳಿರುತ್ತವೆ. ಎರಡನೆಯದು ಡೆಂಟೀನಿನ ಅಂಚಿನಡಿಯಲ್ಲಿ ಅಡಗಿರುತ್ತದೆ. ಅದನ್ನು ಬಿಟ್ಟು ಉಳಿದ ಮೂರನ್ನು ಎಷ್ಟೇ ಚೆನ್ನಾಗಿ ತುಂಬಿದರೂ, ಆ ಒಂದರೊಳಗಿನ ಕ್ರಿಮಿಗಳಿಂದ ವರ್ಷದ ಮೇಲೆ ಹಲ್ಲು ಮತ್ತೆ ನೋಯಬಹುದು. ಆಗ ರೋಗಿ ಹೇಳುವ ಮಾತೆಂದರೆ, ಅವತ್ತೇ ಕೀಳಿಸಿದ್ದರೆ ಆಗುತ್ತಿತ್ತು ಎಂದು. ವಿದ್ಯಾರ್ಥಿನಿ ಸೂಕ್ಷ್ಮದರ್ಶಕವನ್ನು ಎಳೆದುಕೊಂಡು ಹುಡುಕತೊಡಗಿದರು. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಕಳೆಯಿತು. ಅಮ್ಮನ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು.

ಆ ನಲವತ್ತು ನಿಮಿಷ ನನಗೆ ಹಿತವಾಗಿರಲಿಲ್ಲವೆಂದು ಹೇಳಲೇಬೇಕು. ಹಣವುಳ್ಳವರು ಕಲಿತು ಮುಗಿಸಿದವರ ಬಳಿ ಹೋಗುತ್ತಾರೆ. ಕಲಿಯುವವರ ಮುಂದೆ ಬಾಯಿ ತೆರೆದು ಕೂರುವವರು ನಾವು. ನನ್ನ ತಾಯಿ ಇಲ್ಲಿ ರೋಗಿಯೋ ಪಾಠವೋ? ಈ ಪ್ರಶ್ನೆಯನ್ನು ಆಮೇಲೆ ಸ್ವಲ್ಪ ಒರಟಾಗಿಯೇ ಕೇಳಿದೆ. ಅಧ್ಯಾಪಕರು ಕೋಪಿಸಿಕೊಳ್ಳಲಿಲ್ಲ. "ಎರಡೂ. ಅದಕ್ಕೇ ಇಲ್ಲಿ ಪ್ರತಿ ಹಂತಕ್ಕೂ ನನ್ನ ರುಜು ಬೇಕು. ಹೊರಗೆ ಒಬ್ಬನೇ ಕೆಲಸ ಮಾಡುವವನ ಮೂರು ನಾಳಗಳನ್ನು ಯಾರು ಎಣಿಸುತ್ತಾರೆ?" ಎಂದರು. ಉತ್ತರ ಸರಿಯೆನಿಸಿತು, ಪೂರ್ತಿ ಸಮಾಧಾನವಾಗಲಿಲ್ಲ. ಈಗಲೂ ಆಗಿಲ್ಲ. ಆದರೆ ನನ್ನ ಹದಿನೈದನೆಯ ವಯಸ್ಸಿನ ಹತ್ತು ನಿಮಿಷಗಳನ್ನೂ ಅಮ್ಮನ ಈ ನಲವತ್ತು ನಿಮಿಷಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಯಾವುದು ದಯೆಯೆಂದು ಹೇಳಲು ನನಗೆ ಕಷ್ಟವಾಗುವುದಿಲ್ಲ.

ನಾಲ್ಕನೆಯ ನಾಳ ಸಿಕ್ಕಿತು. ಎಂಟನೆಯ ನಂಬರಿನ ಬೂದುಬಣ್ಣದ ಫೈಲಿನ ತುದಿ ಎಲ್ಲೋ ಒಂದು ಕಡೆ ಅಂಟಿದಂತೆ ನಿಂತಿತು. ವಿದ್ಯಾರ್ಥಿನಿ ಉಸಿರು ಬಿಡದೆ ಎರಡು ಮೂರು ಸಲ ಮೆಲ್ಲಗೆ ಹೊರಳಿಸಿದರು, ಅದು ಒಳಗಿಳಿಯಿತು. ಅವರು ಯಾರನ್ನೂ ನೋಡದೆ ತಮ್ಮಷ್ಟಕ್ಕೆ ತಲೆಯಾಡಿಸಿದರು. ಮುಂದಿನ ಭೇಟಿಗಳಲ್ಲಿ ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರವದಿಂದ ನಾಳಗಳನ್ನು ತೊಳೆದು, ಗಟ್ಟಾಪರ್ಚಾ ತುಂಬಿ, ಮೇಲೆ ಟೋಪಿ ಹಾಕಿದರು. ಬಟ್ಟೆ ಬಿಳುಪು ಮಾಡುವ ಪುಡಿ-ನೀರಿನ ಜಾತಿಯ ಈ ದ್ರವವನ್ನೇ ಮೊದಲ ಮಹಾಯುದ್ಧದಲ್ಲಿ ಸೈನಿಕರ ಗಾಯ ತೊಳೆಯಲು ಬಳಸಿದ್ದರಂತೆ. ಕೊನೆಯ ಕ್ಷ-ಕಿರಣ ಚಿತ್ರದಲ್ಲಿ ಬೇರುಗಳೊಳಗೆ ಬಿಳಿಯ ಎಳೆಗಳು ತುದಿಯವರೆಗೆ ಇಳಿದಿದ್ದವು. ಅಮ್ಮ ಅದನ್ನು ಬಹಳ ಹೊತ್ತು ನೋಡಿ, "ಇದು ನನ್ನದೇನಾ?" ಎಂದು ಕೇಳಿದರು. ವಿದ್ಯಾರ್ಥಿನಿ ತಮ್ಮ ದಾಖಲೆ ಪುಸ್ತಕದಲ್ಲಿ ಬರೆದು ರುಜುವಿಗೆ ಕಳಿಸಿದರು.

ಹೊರಡುವಾಗ ಅವರು ನನ್ನ ಕಡೆ ತಿರುಗಿ, "ನಿಮ್ಮದೂ ಒಮ್ಮೆ ತೋರಿಸಿ" ಎಂದರು. ಖಾಲಿ ಜಾಗವನ್ನು ಕಂಡು ಏನೂ ಹೇಳಲಿಲ್ಲ. ಎಡಗಡೆಯ ಜೋಡಿ ಹಲ್ಲಿನ ಮೇಲೆ ಸಣ್ಣ ಕಪ್ಪು ಚುಕ್ಕೆಯೊಂದಿತ್ತು. ಇನ್ನೂ ಮಜ್ಜೆಯನ್ನು ಮುಟ್ಟಿಲ್ಲ, ಈಗಲೇ ತುಂಬಿಸಿದರೆ ಸಾಕು ಎಂದರು. ಇಷ್ಟು ಸಣ್ಣ ಕೆಲಸ ಅವರದಲ್ಲ. ಮೊಗಸಾಲೆಯಾಚೆಯ ಕೋಣೆಯಿಂದ ಬಿ.ಡಿ.ಎಸ್. ಮೂರನೆಯ ವರ್ಷದ ಹುಡುಗನೊಬ್ಬನನ್ನು ಕರೆದರು. ಅವನಿಗೆ ಅಂಥದೇ ಒಂದು ಹಲ್ಲು ಬೇಕಾಗಿತ್ತಂತೆ. ಅವನು ನನ್ನ ಬಾಯೊಳಗೆ ಬಹು ಆಸೆಯಿಂದ ನೋಡಿ, ಮುಂದಿನ ಮಂಗಳವಾರ ಹನ್ನೊಂದು ಗಂಟೆಗೆ ಬನ್ನಿರೆಂದು ಚೀಟಿ ಬರೆದುಕೊಟ್ಟನು.